ಸೊನ್ನಲಿಗೆಯ ಅಕ್ಷರ ಕಡಲು ದಾಟಿದ ಬಗೆ

ಶಾಲೆಯೊಂದರ ನೂರು ವರ್ಷಗಳ ಇತಿಹಾಸವನ್ನು ಬರೆಯುವಾಗ ಕಟ್ಟಡ, ದಾನಿಗಳು, ಶಿಕ್ಷಕರ ಪರಂಪರೆ, ಪರೀಕ್ಷೆಯ ಫಲಿತಾಂಶ ಇವುಗಳ ವಿವರ ಮೊದಲು ಬರುವುದು ಸಹಜ. ಈ ಸಂಪುಟದ ಇತರ ಲೇಖನಗಳು ಆ ಕೆಲಸವನ್ನು ಮಾಡಿವೆ. ನಾವು ಇಲ್ಲಿ ಬೇರೊಂದು ಚರಿತ್ರೆಯನ್ನು ಹೇಳಬಯಸುತ್ತೇವೆ. ನಮ್ಮ ಮಕ್ಕಳು ಒಂದನೆಯ ತರಗತಿಯಲ್ಲಿ ತಿದ್ದಿ ಕಲಿಯುವ ಕನ್ನಡ ಅಕ್ಷರವು ಸೊಲ್ಲಾಪುರ, ಅಕ್ಕಲಕೋಟೆಗಳ ಎಲ್ಲೆಯನ್ನು ದಾಟಿ ದೂರದೇಶಗಳ ಓದುಗರ ಕಣ್ಣೆದುರು ನಿಂತ ಬಗೆ, ಅದರಲ್ಲಿ ಅಂತರಜಾಲದ ಮೊದಲ ದಶಕವು ವಹಿಸಿದ ಪಾತ್ರ, ಮತ್ತು ಆ ಚರಿತ್ರೆಯಿಂದ ಕನ್ನಡ ಶಾಲೆಯೊಂದು ಕಲಿಯಬೇಕಾದ ಪಾಠ ಇವೇ ಈ ಲೇಖನದ ವಿಷಯ.

ನಮ್ಮ ನೆಲದಲ್ಲಿ ಕನ್ನಡವು ನಿನ್ನೆ ಮೊನ್ನೆ ವಲಸೆ ಬಂದ ಭಾಷೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿ, ಗುಡಿ ಎತ್ತಿಸಿ, ವಚನಗಳನ್ನು ರಚಿಸಿದ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ರಾಘವಾಂಕನು ತನ್ನ ಕಾವ್ಯಕ್ಕೆ ಆ ಸಿದ್ಧರಾಮನ ಚರಿತೆಯನ್ನೇ ವಸ್ತುವನ್ನಾಗಿ ಆರಿಸಿಕೊಂಡನು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿಯೇ ನಡೆಯಿತು. ಇದೇ ನಗರದಲ್ಲಿ ಹುಟ್ಟಿ ಬೆಳೆದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರು.

ಆದರೆ 1956ರ ರಾಜ್ಯ ಪುನರ್ವಿಂಗಡಣೆಯ ಕಾಲದಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪೇಟೆಯಲ್ಲಿ ಎರಡರ ಜೊತೆಗೆ ತೆಲುಗು, ಉರ್ದು ಹೀಗೆ ಬಾಳುವುದು ನಮಗೆ ರೂಢಿಯಾಯಿತು. ಈ ಬಹುಭಾಷಿಕ ಬಾಳಿನಲ್ಲಿ ಸೊಗಸೂ ಇದೆ, ನಾವು ಅದನ್ನು ದೂರುವುದಿಲ್ಲ. ಆದರೆ ಕನ್ನಡದ ಓದಿಗೆ ಒಂದು ಕೊರತೆ ಉಂಟಾಯಿತು. ಕನ್ನಡ ಪತ್ರಿಕೆ, ಕಾದಂಬರಿ, ಮಕ್ಕಳ ಪುಸ್ತಕ ಎಲ್ಲವೂ ಗಡಿಯಾಚೆಯಿಂದಲೇ ಬರಬೇಕಾಯಿತು. ಇಲ್ಲಿ ಬರೆದದ್ದು ಅಲ್ಲಿಗೆ ಹೋಗುವುದು ಇನ್ನೂ ಕಷ್ಟವಾಯಿತು. ವಿಜಯಪುರಕ್ಕೇ ಸುಲಭವಾಗಿ ತಲುಪದ ಬರಹ ವಿದೇಶವನ್ನು ತಲುಪುವ ಮಾತೆಲ್ಲಿ? 1938ರಲ್ಲಿ ಚೀನಾಕ್ಕೆ ಹೋಗಿ ಅಲ್ಲಿಯೇ 1942ರಲ್ಲಿ ತೀರಿಕೊಂಡ ಸೊಲ್ಲಾಪುರದ ವೈದ್ಯ ದ್ವಾರಕಾನಾಥ ಕೋಟ್ನಿಸರ ಕಾಲದಲ್ಲಿ ಊರಿಗೂ ಪರದೇಶಕ್ಕೂ ನಡುವೆ ಇದ್ದ ಎಳೆ ಅಂಚೆಯ ಕಾಗದ. ಅದಾಗಿ ಅರ್ಧ ಶತಮಾನ ಕಳೆದರೂ ನಮ್ಮ ಹಳ್ಳಿಗಳ ಪಾಲಿಗೆ ಆ ಸ್ಥಿತಿ ಹೆಚ್ಚು ಬದಲಾಗಿರಲಿಲ್ಲ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. ಮೊದಲು ಅದು ದೊರೆತದ್ದು ಮಹಾನಗರಗಳಿಗೆ ಮಾತ್ರ. 1998ರ ಕೊನೆಯಲ್ಲಿ ಖಾಸಗಿ ಸಂಸ್ಥೆಗಳಿಗೂ ಈ ಸೇವೆಯನ್ನು ನೀಡಲು ಅವಕಾಶವಾದ ಮೇಲೆ ಜಿಲ್ಲಾ ಕೇಂದ್ರಗಳಲ್ಲಿ ಸೈಬರ್ ಕೆಫೆಗಳು ಕಾಣಿಸಿಕೊಳ್ಳತೊಡಗಿದವು. ದೂರವಾಣಿಯ ತಂತಿಯನ್ನೇ ಬಳಸಿ, ಕಿರ್ರೆನ್ನುವ ಸದ್ದಿನೊಡನೆ ಜಾಲಕ್ಕೆ ಸೇರುತ್ತಿದ್ದ ಆ ಯಂತ್ರಗಳ ಮುಂದೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಕೂರಬೇಕಿತ್ತು. ಒಂದು ಚಿತ್ರ ಪರದೆಯ ಮೇಲೆ ಪೂರ್ತಿಯಾಗಿ ಮೂಡುವಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತಿತ್ತು.

ತಂತಿ ಬಂದಿತು, ಅಕ್ಷರ ಬರಲಿಲ್ಲ. ನಮ್ಮ ಚರಿತ್ರೆಯ ತಿರುಳು ಇರುವುದು ಇಲ್ಲಿಯೇ. ಗಣಕಯಂತ್ರವು ಪ್ರತಿಯೊಂದು ಅಕ್ಷರವನ್ನೂ ಒಂದು ಸಂಖ್ಯೆಯಾಗಿ ನೆನಪಿಡುತ್ತದೆ. ಇಂಗ್ಲಿಷಿನ ಅಕ್ಷರಗಳಿಗೆ ಜಗತ್ತೆಲ್ಲ ಒಪ್ಪಿದ ಸಂಖ್ಯೆಗಳು ಮೊದಲಿನಿಂದಲೂ ಇದ್ದವು. ಕನ್ನಡಕ್ಕಾದರೋ ಫಾಂಟು ತಯಾರಿಸಿದ ಒಬ್ಬೊಬ್ಬರದೂ ಒಂದೊಂದು ಲೆಕ್ಕ. ಇಂಗ್ಲಿಷ್ ಅಕ್ಷರಕ್ಕೆ ಮೀಸಲಾದ ಸ್ಥಾನದಲ್ಲಿ ಒಬ್ಬರು 'ಕ'ವನ್ನು ಕೂರಿಸಿದರೆ ಮತ್ತೊಬ್ಬರು ಅದೇ ಸ್ಥಾನದಲ್ಲಿ ಒತ್ತಕ್ಷರವನ್ನು ಕೂರಿಸುತ್ತಿದ್ದರು. ಸೊಲ್ಲಾಪುರದ ಮುದ್ರಣಾಲಯದಲ್ಲಿ ಅಂದವಾಗಿ ಕಾಣುತ್ತಿದ್ದ ಪುಟವನ್ನು ಅದೇ ಫಾಂಟು ಇಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಪುಟವನ್ನು ಚಿತ್ರವಾಗಿ ಮಾಡಿ ಕಳುಹಿಸಿದರೆ ಓದಬಹುದಿತ್ತು, ಆದರೆ ಅದು ಇಳಿಯಲು ಬಹಳ ಹೊತ್ತು ಬೇಕಿತ್ತು, ಅದರೊಳಗಿನ ಪದಗಳನ್ನು ಹುಡುಕಲು ಬರುತ್ತಿರಲಿಲ್ಲ.

ಆದ್ದರಿಂದ ಪರದೇಶದಲ್ಲಿದ್ದ ಮಕ್ಕಳು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸತೊಡಗಿದರು. ಇದರಿಂದ ನಮ್ಮ ಕಡೆ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ದಿನವೂ ಕನ್ನಡ ಪತ್ರಿಕೆಯನ್ನು ಓದಬಲ್ಲ ತಾಯಿಗೆ ಮಗನ ಮಿಂಚಂಚೆ ಓದಲು ಬರುತ್ತಿರಲಿಲ್ಲ. ಕೆಫೆಯ ಹುಡುಗನಿಗೆ ಆ ಅಕ್ಷರಗಳು ಬರುತ್ತಿದ್ದವು, ಆದರೆ ಮರಾಠಿ ಮನೆಮಾತಿನ ಅವನಿಗೆ ಅದರ ಅರ್ಥ ತಿಳಿಯುತ್ತಿರಲಿಲ್ಲ. ಅರ್ಥ ತಿಳಿಯದವನು ಗಟ್ಟಿಯಾಗಿ ಓದುವುದು, ಅಕ್ಷರ ತಿಳಿಯದವಳು ಕೇಳಿ ಅರ್ಥಮಾಡಿಕೊಳ್ಳುವುದು. ಹೀಗೆ ಇಬ್ಬರು ಸೇರಿ ಒಂದು ಪತ್ರವನ್ನು ಓದಿದ ಪ್ರಸಂಗಗಳನ್ನು ನಮ್ಮ ಪಾಲಕರಲ್ಲಿ ಹಿರಿಯರು ಇಂದಿಗೂ ಹೇಳುತ್ತಾರೆ. ಸಾಕ್ಷರಳಾಗಿದ್ದ ತಾಯಿಯನ್ನು ಯಂತ್ರವು ನಿರಕ್ಷರಳನ್ನಾಗಿ ಮಾಡಿತ್ತು.

ಈ ತೊಡಕನ್ನು ಬಿಡಿಸಿದವರು ಕೆಲವೇ ಕೆಲವು ಶ್ರದ್ಧಾವಂತರು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿ ದುಡಿದ ಯು. ಬಿ. ಪವನಜ ಅವರು 1996ರಲ್ಲಿ 'ವಿಶ್ವ ಕನ್ನಡ' ಎಂಬ ಪತ್ರಿಕೆಯನ್ನು ಅಂತರಜಾಲದಲ್ಲಿ ಆರಂಭಿಸಿದರು. ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಎಂಬ ಹಿರಿಮೆ ಅದರದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶವು ಬಂದು, ಸಾಮಾನ್ಯ ಕೀಲಿಮಣೆಯಲ್ಲಿಯೇ ಕನ್ನಡವನ್ನು ಬರೆಯುವುದನ್ನು ಸುಲಭಗೊಳಿಸಿತು. ಅದನ್ನು ಉಚಿತವಾಗಿ ಪಡೆಯಬಹುದಾಗಿದ್ದುದರಿಂದ ವಿದೇಶದ ಕನ್ನಡ ಮನೆಗಳಲ್ಲಿ ಬೇಗನೆ ಹರಡಿತು. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ 'ನುಡಿ'ಯನ್ನು ಸಿದ್ಧಪಡಿಸಿತು.

ಸಮಸ್ಯೆಯ ಬೇರನ್ನು ಮುಟ್ಟಿದ್ದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಬದಲಾಗದ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸುವ ಈ ವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದವು. ಆದರೆ ಕಾಗದದ ಮೇಲಿನ ಈ ಹಕ್ಕು ಬಳಕೆಗೆ ಬರಲು ಹತ್ತು ವರ್ಷ ಹಿಡಿಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಫಾಂಟು ಸೇರಿಯೇ ಬಂದಿತು. ಅಂದಿನಿಂದ ಒಂದು ಯಂತ್ರದಲ್ಲಿ ಬರೆದ 'ಅ' ಇನ್ನೊಂದು ಯಂತ್ರದಲ್ಲಿ 'ಅ' ಆಗಿಯೇ ಉಳಿಯುವ ಭರವಸೆ ಮೂಡಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಎಲ್ಲಿಯೋ ಕುಳಿತ ಯಾರೇ ಆಗಲಿ ತಮ್ಮ ಊರಿನ ವಿಷಯವನ್ನು ಕನ್ನಡದಲ್ಲಿ ಬರೆದು ಜಗತ್ತಿನ ಮುಂದೆ ಇಡುವುದು ಸಾಧ್ಯವಾಯಿತು. ಊರಿನ ಮುದ್ರಣಾಲಯವಾಗಲಿ, ರಾಜ್ಯದ ಗಡಿಯಾಗಲಿ ಇನ್ನು ಅದಕ್ಕೆ ಅಡ್ಡಿಯಾಗಿ ಉಳಿಯಲಿಲ್ಲ.

ಇದರಿಂದ ನಮ್ಮ ನೆಲಕ್ಕೆ ದೊರೆತ ಲಾಭಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ. ನಮ್ಮ ನೆರೆಯ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಮನೆಮನೆಯಿಂದ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ನಮ್ಮ ಶಾಲೆ ಹುಟ್ಟಿದ್ದೂ ಸುಮಾರಾಗಿ ಆ ಕಾಲದಲ್ಲಿಯೇ. ಎಪ್ಪತ್ತು ವರ್ಷಗಳ ತರುವಾಯ, 1993ರಲ್ಲಿ, ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಆ ಸಂಪುಟಗಳನ್ನು ಕೊಂಡು ಇಡುವ ಶಕ್ತಿ ಎಷ್ಟು ಹಳ್ಳಿಯ ಶಾಲೆಗಳಿಗಿತ್ತು? ಇಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು 'ವಚನ ಸಂಚಯ'ದಂತಹ ಜಾಲತಾಣಗಳಲ್ಲಿ ಯೂನಿಕೋಡ್ ಅಕ್ಷರಗಳಲ್ಲಿ ದೊರೆಯುತ್ತವೆ. 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತವನ್ನು ಬರೆದು ಹುಡುಕಿದರೆ ಸಿದ್ಧರಾಮನ ವಚನಗಳು ಸಾಲಾಗಿ ಬಂದು ನಿಲ್ಲುತ್ತವೆ. ಅಕ್ಕಲಕೋಟೆಯ ವಿದ್ಯಾರ್ಥಿನಿಗೂ ಅಮೆರಿಕದ ಕನ್ನಡ ಮನೆಯ ಮಗುವಿಗೂ ಸೊನ್ನಲಿಗೆಯ ಶರಣನು ಈಗ ಸಮಾನ ದೂರದಲ್ಲಿದ್ದಾನೆ.

ಇನ್ನೊಂದು ನಿದರ್ಶನ ನಮ್ಮ ಜಿಲ್ಲೆಯದೇ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ 2009ರಲ್ಲಿ ಶಿಕ್ಷಕರಾಗಿ ಬಂದ ರಣಜಿತ್‌ಸಿಂಹ ಡಿಸಲೆಯವರು ಕಂಡದ್ದು ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡಿದ್ದ ಶಿಥಿಲ ಕಟ್ಟಡವನ್ನು. ಅಲ್ಲಿನ ಅನೇಕ ಹೆಣ್ಣುಮಕ್ಕಳ ಮನೆಮಾತು ಕನ್ನಡ, ಪಠ್ಯಪುಸ್ತಕದ ಭಾಷೆ ಬೇರೆ. ಅವರು ಮೊದಲು ಮಾಡಿದ ಕೆಲಸ ಕನ್ನಡವನ್ನು ಕಲಿತದ್ದು. ಪಾಠಗಳನ್ನು ಮಕ್ಕಳ ಮಾತಿಗೆ ತಂದುಕೊಂಡ ಮೇಲೆ ಪುಸ್ತಕದಲ್ಲಿ ಕ್ಯೂಆರ್ ಕೋಡುಗಳನ್ನು ಅಳವಡಿಸಿ, ಪದ್ಯ, ಕಥೆ, ಪಾಠಗಳ ಧ್ವನಿಯನ್ನೂ ದೃಶ್ಯವನ್ನೂ ಮಕ್ಕಳಿಗೆ ದೊರಕಿಸಿದರು. 2017ರಲ್ಲಿ ರಾಜ್ಯ ಸರ್ಕಾರವು ಎಲ್ಲ ತರಗತಿಗಳ ಪಠ್ಯಪುಸ್ತಕಗಳಲ್ಲಿಯೂ ಈ ಕೋಡುಗಳನ್ನು ಅಳವಡಿಸುವುದಾಗಿ ಪ್ರಕಟಿಸಿತು. ಭಾರತ ಮತ್ತು ಪಾಕಿಸ್ತಾನ, ಇಸ್ರೇಲ್ ಮತ್ತು ಪ್ಯಾಲೆಸ್ಟೈನ್ ಮುಂತಾದ ಕಲಹಪೀಡಿತ ನೆಲಗಳ ಎಳೆಯರನ್ನು ಅಂತರಜಾಲದ ಮೂಲಕ ಪರಸ್ಪರ ಮಾತನಾಡಿಸುವ ಯೋಜನೆಯನ್ನೂ ಅವರು ನಡೆಸಿದರು. 2020ರ ಡಿಸೆಂಬರ್ 3ರಂದು ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಘೋಷಣೆಯಾದಾಗ ಹತ್ತು ಲಕ್ಷ ಡಾಲರುಗಳ ಬಹುಮಾನದಲ್ಲಿ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಜಗತ್ತು ಈ ಕಥೆಯಲ್ಲಿ ತಂತ್ರಜ್ಞಾನವನ್ನು ಕೊಂಡಾಡಿತು. ಶಿಕ್ಷಕರಾದ ನಮಗೆ ಅದರ ಮೊದಲ ಹೆಜ್ಜೆ ಮುಖ್ಯವಾಗಿ ಕಾಣುತ್ತದೆ. ಮಕ್ಕಳ ಮನೆಮಾತನ್ನು ಶಿಕ್ಷಕರು ಕಲಿಯದೇ ಇದ್ದಿದ್ದರೆ ಆ ಕೋಡುಗಳ ಹಿಂದೆ ಇರುತ್ತಿದ್ದ ಪಾಠ ಆ ಮಕ್ಕಳಿಗೆ ಎಟುಕುತ್ತಿರಲಿಲ್ಲ.

ಈ ಚರಿತ್ರೆಯನ್ನು ಶತಮಾನೋತ್ಸವದ ಸಂಪುಟದಲ್ಲಿ ಏಕೆ ಹೇಳಿದೆವೆಂದರೆ, ಇಂದು ನಮ್ಮ ಮುಂದೆ ಕುಳಿತು ದಾಖಲಾತಿಯ ಅರ್ಜಿಯನ್ನು ಕೈಯಲ್ಲಿ ಹಿಡಿದ ಪಾಲಕರು ಕೇಳುವ ಪ್ರಶ್ನೆ ಒಂದೇ: "ಬಾಯಿಯವರೇ, ಕನ್ನಡ ಶಾಳೆಯಿಂದ ಏನು ಉಪಯೋಗ? ಎಲ್ಲಾ ಮೊಬೈಲಿನಾಗ ಸಿಗತದಲ್ಲ?" ಅವರ ಆತಂಕ ನ್ಯಾಯವಾದದ್ದು. ಮಗುವಿನ ಉದ್ಯೋಗದ ಚಿಂತೆ ನಮಗೂ ಇದೆ, ಇಂಗ್ಲಿಷ್ ಮತ್ತು ಮರಾಠಿಗಳನ್ನು ನಾವು ಶ್ರದ್ಧೆಯಿಂದಲೇ ಕಲಿಸುತ್ತೇವೆ. ಆದರೆ ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಸಿದ್ಧರಾಮನ ವಚನ ಅಲ್ಲಿದೆ, ಓದಲು ಬರುವವರಿಗೆ. ಬಾಲಭಾರತಿಯ ಕನ್ನಡ ಪುಸ್ತಕ ಅಲ್ಲಿದೆ, ಅಕ್ಷರ ಕಲಿತವರಿಗೆ. ಅಕ್ಷರವನ್ನು ಕಲಿಸುವ ಕೆಲಸವನ್ನು ಜಾಲವು ಶಾಲೆಯಿಂದ ಇನ್ನೂ ಪಡೆದುಕೊಂಡಿಲ್ಲ.

ಇದಕ್ಕಿಂತಲೂ ಕಳವಳದ ಸಂಗತಿ ಇನ್ನೊಂದಿದೆ. ಇಷ್ಟು ಜನರ ಇಷ್ಟು ವರ್ಷಗಳ ದುಡಿಮೆಯಿಂದ ಕನ್ನಡ ಲಿಪಿಗೆ ಯಂತ್ರದಲ್ಲಿ ಸ್ಥಾನ ದೊರೆಯಿತು. ಈಗ ಪ್ರತಿಯೊಂದು ಮೊಬೈಲಿನಲ್ಲಿಯೂ ಕನ್ನಡ ಕೀಲಿಮಣೆಗೆ ಅವಕಾಶವಿದೆ. ಆದರೂ ನಮ್ಮ ಮನೆಗಳ ಯುವಕ ಯುವತಿಯರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯುತ್ತಾರೆ, ಇಲ್ಲವೆ ಧ್ವನಿಯನ್ನು ಮುದ್ರಿಸಿ ಕಳುಹಿಸುತ್ತಾರೆ. ಅಂದು ನಿರುಪಾಯದಿಂದ ಮಾಡಿದ್ದನ್ನು ಇಂದು ಅಭ್ಯಾಸಬಲದಿಂದ ಮಾಡುತ್ತಿದ್ದಾರೆ. ಅಂದಿನ ತಾಯಿಗೆ ಅಕ್ಷರ ಬರುತ್ತಿತ್ತು, ಯಂತ್ರಕ್ಕೆ ಬರುತ್ತಿರಲಿಲ್ಲ. ಇಂದು ಯಂತ್ರಕ್ಕೆ ಅಕ್ಷರ ಬರುತ್ತದೆ, ಮೊಮ್ಮಕ್ಕಳಿಗೆ ಬರುವುದೋ ಇಲ್ಲವೋ ಎಂಬುದು ನಮ್ಮ ತರಗತಿಗಳಲ್ಲಿ ತೀರ್ಮಾನವಾಗಬೇಕಾಗಿದೆ.

ಆದ್ದರಿಂದ ಶತಮಾನದ ಈ ವರ್ಷದಲ್ಲಿ ನಾವು ಮೂರು ಕೆಲಸಗಳನ್ನು ಕೈಗೊಳ್ಳಬಯಸುತ್ತೇವೆ. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳು, ಕೈಬರಹದ ಪತ್ರಿಕೆಗಳು, ಸಮಾರಂಭದ ಭಾವಚಿತ್ರಗಳು ಗೆದ್ದಲಿನ ಪಾಲಾಗುವ ಮುನ್ನ ಅವುಗಳ ಪ್ರತಿಬಿಂಬವನ್ನು ತೆಗೆದು ಕಾಪಿಡುವುದು ಮೊದಲನೆಯದು. ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಂದ ತಮ್ಮ ತಮ್ಮ ಹಳ್ಳಿಯ ಗುಡಿ, ಕೆರೆ, ಜಾತ್ರೆ, ಬೆಳೆ, ಹಾಡುಗಳ ವಿಷಯವನ್ನು ಯೂನಿಕೋಡ್ ಕನ್ನಡದಲ್ಲಿ ಬರೆಯಿಸುವುದು ಎರಡನೆಯದು. ಮೂರನೆಯದು ಹಳೆಯ ವಿದ್ಯಾರ್ಥಿಗಳ ಕೈಯಲ್ಲಿದೆ. ದುಬೈಯಲ್ಲಿರಲಿ, ಪುಣೆಯಲ್ಲಿರಲಿ, ಅಮೆರಿಕದಲ್ಲಿರಲಿ, ಈ ಸಂಪುಟ ಕೈಸೇರಿದ ಮೇಲೆ ಶಾಲೆಗೆ ಒಂದು ಪತ್ರವನ್ನು ಬರೆಯಿರಿ, ಕನ್ನಡ ಅಕ್ಷರಗಳಲ್ಲಿಯೇ ಬರೆಯಿರಿ. ಬಂದ ಪತ್ರಗಳನ್ನು ನಾಲ್ಕನೆಯ ತರಗತಿಯ ಮಕ್ಕಳು ಪ್ರಾರ್ಥನೆಯ ನಂತರ ಸರದಿಯಂತೆ ಓದುವ ವ್ಯವಸ್ಥೆಯನ್ನು ನಾವು ಮಾಡಿದ್ದೇವೆ.