ಲೆಮೂರಿಯಾ ಖಂಡದ ಐತಿಹ್ಯ

ಮುಳುಗಿದ ನಾಡುಗಳ ಐತಿಹ್ಯಗಳೆಲ್ಲವೂ ಅತಿ ಪ್ರಾಚೀನವಾದುವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಿಂದೂ ಮಹಾಸಾಗರದಲ್ಲಿ ಲೀನವಾಯಿತೆನ್ನಲಾದ ಲೆಮೂರಿಯಾ ಖಂಡದ ವಿಷಯದಲ್ಲಿ ಇದು ಅರ್ಧ ಮಾತ್ರ ಸತ್ಯ. ಆ ಹೆಸರು ಹುಟ್ಟಿದುದು 1864ರಲ್ಲಿ. ಅದೂ ಪುರಾಣದಲ್ಲಲ್ಲ, ಪ್ರಾಣಿಶಾಸ್ತ್ರದ ಒಂದು ಲೇಖನದಲ್ಲಿ.

ಮಡಗಾಸ್ಕರ್ ದ್ವೀಪದಲ್ಲಿ ಹೇರಳವಾಗಿರುವ ಲೀಮರ್ ಪ್ರಾಣಿಗಳ ಬಂಧುವರ್ಗವು ಭಾರತದಲ್ಲಿಯೂ ಇದೆ. ನಮ್ಮ ಕಾಡುಪಾಪವೇ ಅದಕ್ಕೆ ಸೇರಿದುದು. ನಡುವೆ ಅಪಾರ ಸಮುದ್ರವಿರಲು ಇವು ಎರಡೂ ಕಡೆ ಇರುವುದು ಹೇಗೆ? ಇಂಗ್ಲೆಂಡಿನ ಫಿಲಿಪ್ ಸ್ಕ್ಲೇಟರ್, ಹಿಂದೆ ಅಲ್ಲೊಂದು ಮಹಾಖಂಡವಿದ್ದು ಒಡೆದುಹೋಗಿರಬೇಕೆಂದು ಊಹಿಸಿ ಅದನ್ನು ಲೆಮೂರಿಯಾ ಎಂದು ಕರೆದನು. ಖಂಡಗಳು ಚಲಿಸುತ್ತವೆಂಬ ಅರಿವಿಲ್ಲದ ಆ ಕಾಲಕ್ಕೆ ಇದು ಅಯುಕ್ತವಾದ ಊಹೆಯೇನೂ ಅಲ್ಲ. ಅದರೊಳಕ್ಕೆ ಮನುಷ್ಯನನ್ನು ತಂದಮೇಲೆ ಮಾತ್ರ ಸಂಗತಿ ಬೇರೆಯಾಯಿತು. ಜರ್ಮನಿಯ ಹೆಕೆಲ್ ಮಾನವನ ಉಗಮಸ್ಥಾನವೇ ಅದಾಗಿರಬಹುದೆಂದನು. 1888ರಲ್ಲಿ ಬ್ಲಾವಟ್‌ಸ್ಕಿಯ ಗ್ರಂಥವು ಅಲ್ಲಿ ದೈತ್ಯಾಕಾರದ ಜನಾಂಗವೊಂದನ್ನು ನೆಲೆಗೊಳಿಸಿತು.

ತಮಿಳುನಾಡಿನಲ್ಲಿ ಈ ಊಹೆ ತಾಳಿದ ರೂಪ ಹೆಚ್ಚು ವಿಚಾರಾರ್ಹವಾದುದು. ‘ಇರೈಯನಾರ್ ಅಹಪ್ಪೊರುಳ್’ ಗ್ರಂಥದ ವ್ಯಾಖ್ಯಾನವು, ಪಾಂಡ್ಯರ ಮೊದಲೆರಡು ಸಂಘಗಳು ನೆರೆದಿದ್ದ ದಕ್ಷಿಣ ಮದುರೆಯನ್ನೂ ಕಪಾಟಪುರವನ್ನೂ ಕಡಲು ನುಂಗಿತೆಂದು ಹೇಳುತ್ತದೆ. ಮೊದಲ ಸಂಘವೊಂದಕ್ಕೇ ಅದು ಕೊಡುವ ಅವಧಿ 4,440 ವರ್ಷ! ‘ಶಿಲಪ್ಪದಿಕಾರ’ದ ವ್ಯಾಖ್ಯಾನಕಾರ ಅಡಿಯಾರ್ಕುನಲ್ಲಾರನು ಮುಳುಗಿದ ನಾಡುಗಳು 49 ಎಂದು ಲೆಕ್ಕ ಕೊಡುತ್ತಾನೆ. ಇವರಾರಿಗೂ ಮಡಗಾಸ್ಕರಿನ ಪ್ರಶ್ನೆಯಿರಲಿಲ್ಲ; ಸ್ಕ್ಲೇಟರನ ವಾದಕ್ಕೆ ಇವರ ಆಧಾರವೂ ಬೇಕಾಗಿರಲಿಲ್ಲ. ಈ ಎರಡು ಎಳೆಗಳು ಕೂಡಿದ ಕಾಲವನ್ನು ಗಮನಿಸಬೇಕು. 1892ರಲ್ಲಿ ಉ. ವೇ. ಸ್ವಾಮಿನಾಥ ಅಯ್ಯರ್ ಅವರು ‘ಶಿಲಪ್ಪದಿಕಾರ’ವನ್ನು ಈ ವ್ಯಾಖ್ಯಾನಸಹಿತ ಅಚ್ಚು ಹಾಕಿಸಿದರು. ಓಲೆಗರಿಗಳು ಗೆದ್ದಲ ಪಾಲಾಗುತ್ತಿದ್ದ ದಿನಗಳವು. ಉಳಿದ ಕಾವ್ಯಗಳ ಸೊಬಗನ್ನು ಕಂಡವರು ಅಳಿದವುಗಳಿಗಾಗಿ ಮರುಗಿದುದು ಸಹಜ. ಆ ಅಳಲಿಗೆ ವಿಜ್ಞಾನದ ಹೆಸರಿನಲ್ಲಿ ಬಂದ ಖಂಡವೊಂದು ದೊರೆಯಿತು. ‘ಕುಮರಿಖಂಡ’ವೆಂಬ ಹೆಸರಿನಿಂದ ಅದು ಪಠ್ಯಪುಸ್ತಕಗಳನ್ನೂ ಸೇರಿತು. ಇದನ್ನು ಬರಿಯ ಅಭಿಮಾನವೆಂದು ತಳ್ಳಿಹಾಕುವವರು ಆ ನಷ್ಟವು ನಿಜವಾದುದೆಂಬುದನ್ನು ಮರೆಯುತ್ತಾರೆಂದೇ ನಮ್ಮ ಅಭಿಪ್ರಾಯ.

ಆದರೂ ಖಂಡವನ್ನು ನಾವು ಒಪ್ಪಲಾಗದು. ಭಾರತವೂ ಮಡಗಾಸ್ಕರವೂ ಬೇರ್ಪಟ್ಟುದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ಮನುಷ್ಯನೇ ಇರಲಿಲ್ಲ. ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದಲ್ಲಿ ಕಡಲಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರು ಕೆಳಗಿದ್ದು, ಸಿಂಹಳದವರೆಗೆ ನೆಲವಿದ್ದುದು ನಿಜ. ಆದರೆ ಅಷ್ಟು ದೂರದ ನೆನಪು ವ್ಯಾಖ್ಯಾನಕಾರರವರೆಗೆ ಬಂದಿತೆನ್ನಲು ಆಧಾರವಿಲ್ಲ. ಐತಿಹ್ಯದ ಬೀಜವನ್ನು ಹತ್ತಿರದಲ್ಲಿಯೇ ಅರಸುವುದು ಲೇಸು. ಚೋಳರ ಪುಹಾರ್ ಪಟ್ಟಣ ಕಡಲಪಾಲಾದುದನ್ನು ‘ಮಣಿಮೇಖಲೈ’ ಹೇಳುತ್ತದೆ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಡಿ ಒಂದೇ ರಾತ್ರಿಯಲ್ಲಿ ಹಾಳಾಯಿತು.