ಭೂಶಾಖವೂ ಅದನ್ನು ಹೊರುವ ನೀರೂ

ನೆಲದೊಳಗೆ ಶಾಖವುಂಟೆಂಬುದು ವಿವಾದದ ವಿಷಯವಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ದುಡಿದವರು, ಅಲ್ಲಿನ ಬಂಡೆಯ ತಾಪ 65 ಡಿಗ್ರಿ ಸೆಲ್ಸಿಯಸಿನ ಸುಮಾರಿಗೆ ಏರಿದ್ದುದನ್ನೂ, ಮೇಲಿನಿಂದ ತಂಪುಗಾಳಿಯನ್ನು ಇಳಿಸದೆ ಕೆಲಸ ಸಾಗದಿದ್ದುದನ್ನೂ ಮೈಯಾರೆ ಬಲ್ಲರು. ಆದರೂ ಮನುಷ್ಯನನ್ನು ಬಸವಳಿಸುವ ಆ ಶಾಖ ಉಗಿಯ ಟರ್ಬೈನನ್ನು ತಿರುಗಿಸಲಾರದು. ಖಂಡಗಳಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿಯಂತೆ ಏರತಕ್ಕ ತಾಪ, ಅತಿ ಪ್ರಾಚೀನವಾಗಿ ತಣಿದುಹೋಗಿರುವ ನಮ್ಮ ನೆಲದಲ್ಲಿ ಅದರ ಅರ್ಧದಷ್ಟೇ ಏರುತ್ತದೆ.

ಶಾಖದ ಮೊತ್ತವೊಂದನ್ನೇ ಗುಣಿಸಿ ನೋಡುವ ಇಂಜಿನಿಯರು ಇಲ್ಲಿ ಮೋಸಹೋಗುವುದು ಸುಲಭ. ಒಂದು ಘನ ಕಿಲೋಮೀಟರು ಗ್ರಾನೈಟು ಕೇವಲ ಒಂದು ಡಿಗ್ರಿ ತಣಿದರೆ ಸುಮಾರು 60 ಕೋಟಿ ಯೂನಿಟ್ಟುಗಳಷ್ಟು ಶಾಖ ಹೊರಬೀಳುವುದು ನಿಜ. ಆದರೆ ಬಂಡೆ ಮಹಾ ಜಿಪುಣ, ಕೇವಲ ಉಷ್ಣವಹನದಿಂದ ಅದರೊಳಗೆ ಶಾಖದ ಪ್ರಭಾವ ಒಂದು ವರ್ಷದಲ್ಲಿ ಹಬ್ಬುವ ದೂರ ಐದಾರು ಮೀಟರು ಮಾತ್ರ. ಆದುದರಿಂದ ಬಂಡೆಯ ಬಿರುಕುಗಳಲ್ಲಿ ಸುಳಿದಾಡಿ ಆ ಶಾಖವನ್ನು ಮೇಲಕ್ಕೆ ಹೊತ್ತುತರುವ ನೀರೇ ಭೂಶಾಖದಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆಯ ಮುಖ್ಯ ಪದಾರ್ಥವೆಂದು ನನ್ನ ಅಭಿಪ್ರಾಯ.

ಇಟಲಿಯ ಲಾರ್ಡೆರೆಲ್ಲೊದಲ್ಲಿ ಪ್ರಕೃತಿಯೇ ಒಣ ಉಗಿಯನ್ನು ಒದಗಿಸಿತ್ತು. ಅಲ್ಲಿ ಪಿಯೆರೊ ಜಿನೋರಿ ಕಾಂಟಿ 1904ರಲ್ಲಿ ಐದು ವಿದ್ಯುದ್ದೀಪಗಳನ್ನು ಬೆಳಗಿಸಿದನು. 1913ರ ವೇಳೆಗೆ 250 ಕಿಲೋವಾಟಿನ ಸ್ಥಾವರವೂ ಬಂದಿತು. ಇಂತಹ ಭಾಗ್ಯ ವಿರಳ. 1958ರಲ್ಲಿ ವಿದ್ಯುತ್ತನ್ನೀಯತೊಡಗಿದ ನ್ಯೂಜಿಲೆಂಡಿನ ವೈರಾಕೈಯಲ್ಲಿ ಬಾವಿಗಳಿಂದ ಚಿಮ್ಮಿದುದು ಬಿಸಿನೀರೂ ಉಗಿಯೂ ಬೆರೆತ ಪ್ರವಾಹ. ನೀರಿನ ಹನಿ ಟರ್ಬೈನಿನ ಅಲಗನ್ನು ಕೊರೆಯುವುದರಿಂದ, ಆ ಮಿಶ್ರಣವನ್ನು ನಿಂತ ಕೊಳವಿಯಂತಹ ಪಾತ್ರೆಯೊಂದರ ಅಂಚಿಗೆ ಓರೆಯಾಗಿ ನುಗ್ಗಿಸಿ ಗಿರ್ರನೆ ಸುತ್ತಿಸಿದರು. ಭಾರವಾದ ನೀರು ಗೋಡೆಗೆ ಅಪ್ಪಳಿಸಿ ಕೆಳಗಿಳಿಯಿತು, ಉಗಿ ನಡುವಿನ ಕೊಳವೆಯನ್ನು ಸೇರಿತು. ಬೇರ್ಪಟ್ಟ ನೀರಿನಲ್ಲಿ ಕರಗಿದ್ದ ಸಿಲಿಕಾ ತಣಿದಂತೆಲ್ಲ ಕಾಲುವೆಗಳಲ್ಲಿ ಗಟ್ಟಿ ಹೆಕ್ಕಳೆಯಾಗಿ ಕಟ್ಟತೊಡಗಿದ್ದು ಬೇರೊಂದು ಪೀಡೆ. ಆ ನೀರನ್ನು ನೆಲಕ್ಕೆ ಹಿಂದಿರುಗಿಸದೆ ವೈಕಾಟೊ ನದಿಗೆ ಬಿಡುತ್ತ ಬಂದುದರ ಫಲವಾಗಿ ಒಳಗಿನ ಒತ್ತಡ ಕುಗ್ಗಿ, ಸಮೀಪದ ಕಣಿವೆಯ ಬಿಸಿನೀರಿನ ಬುಗ್ಗೆಗಳು ಬತ್ತಿದುವು. ನೆಲವೂ ಕೆಲವೆಡೆ ಹತ್ತು ಮೀಟರಿಗೂ ಹೆಚ್ಚು ಕುಸಿಯಿತು.

ದಕ್ಷತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: 150 ಡಿಗ್ರಿಯ ನೀರಿಗೂ 30 ಡಿಗ್ರಿಯ ಪರಿಸರಕ್ಕೂ ನಡುವೆ ಕಾರ್ನೊನ ನಿಯಮವೇ ನೂರಕ್ಕೆ 28ರ ಮೇರೆಯನ್ನು ಹಾಕಿಟ್ಟಿದೆ, ಯಂತ್ರಕ್ಕೆ ದಕ್ಕುವುದು ಅದರ ಅರ್ಧಕ್ಕೂ ಕಡಿಮೆ.

ಕ್ಯಾಲಿಫೋರ್ನಿಯದ ಗೀಸರ್ಸ್ ಕ್ಷೇತ್ರದ ಚರಿತ್ರೆ ಇನ್ನೂ ಬೋಧಪ್ರದ. 1960ರಲ್ಲಿ 11 ಮೆಗಾವಾಟಿನಿಂದ ಮೊದಲಾಗಿ ಜಗತ್ತಿನಲ್ಲೇ ಅತಿ ದೊಡ್ಡದಾಗಿ ಬೆಳೆದ ಈ ಕ್ಷೇತ್ರ, 1980ರ ದಶಕದ ಕೊನೆಯಲ್ಲಿ ಸೊರಗತೊಡಗಿದಾಗ ಬಂಡೆ ಇನ್ನೂ ಬಿಸಿಯಾಗಿಯೇ ಇತ್ತು, ಬರಿದಾಗಿದ್ದುದು ನೀರು. 1997ರಿಂದ ಲೇಕ್ ಕೌಂಟಿಯ, 2003ರಿಂದ ಸಾಂಟಾ ರೋಸಾ ಪಟ್ಟಣದ ಸಂಸ್ಕರಿಸಿದ ಚರಂಡಿನೀರನ್ನು ಕೊಳವೆಗಳಲ್ಲಿ ಬೆಟ್ಟಕ್ಕೆ ಏರಿಸಿ ಆ ಬಂಡೆಗಳಿಗೆ ಉಣಿಸುತ್ತಿದ್ದಾರೆ.