ಗುಟ್ಟಿನ ಪೇಟೆಂಟು, ಉಕ್ಕಿನ ಪಿಸ್ತೂಲು

ಕೈಯಲ್ಲಿ ಹಿಡಿಯುವ ವಸ್ತುಗಳೆಲ್ಲ ಹಗುರವಾಗುತ್ತ ಹೋಗುವುದೇ ಪ್ರಗತಿ ಎಂಬುದು ನಮ್ಮ ಕಾಲದ ನಂಬಿಕೆ. ಹಿತ್ತಾಳೆಯ ಕೊಡ ಹೋಗಿ ಪ್ಲಾಸ್ಟಿಕ್ ಕೊಡ ಬಂತು. ಕಬ್ಬಿಣದ ಸೈಕಲ್ಲು ಹೋಗಿ ಅಲ್ಯೂಮಿನಿಯಂ ಸೈಕಲ್ಲು ಬಂತು. ರೇಡಿಯೋ, ಕ್ಯಾಮೆರಾ, ಹೊಲಿಗೆ ಯಂತ್ರ ಎಲ್ಲವೂ ತೂಕ ಕಳೆದುಕೊಂಡವು. ಪಿಸ್ತೂಲೂ ಇದಕ್ಕೆ ಹೊರತಲ್ಲ. 1982ರಲ್ಲಿ ಆಸ್ಟ್ರಿಯಾದ ಸೇನೆ ಪ್ಲಾಸ್ಟಿಕ್ ಚೌಕಟ್ಟಿನ ಗ್ಲಾಕ್ ಪಿಸ್ತೂಲನ್ನು ಒಪ್ಪಿಕೊಂಡಿತು. ಅದಾದ ಮೇಲೆ ಪ್ರಪಂಚದ ಪೊಲೀಸರು, ಸೈನಿಕರು ಒಬ್ಬೊಬ್ಬರಾಗಿ ಉಕ್ಕನ್ನು ಕೆಳಗಿಟ್ಟು ಪ್ಲಾಸ್ಟಿಕ್ಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆದರೆ ಒಂದು ಗುಂಪಿನ ಜನ ಮಾತ್ರ ಹಿಮ್ಮುಖವಾಗಿ ನಡೆದರು. ಅವರು ಸ್ಪರ್ಧೆಗಳಲ್ಲಿ ಗುರಿಗೆ ಗುಂಡು ಹೊಡೆಯುವ ಶೂಟರ್‌ಗಳು. ಒಂದು ಕಿಲೋ ತೂಗುವ ಪಿಸ್ತೂಲು ಇದ್ದರೆ ಅದಕ್ಕಿಂತ ಭಾರವಾದದ್ದು ಇದೆಯೇ ಎಂದು ಕೇಳುವವರು ಇವರು. ಇವರ ಆಸೆಯ ಬೆನ್ನು ಹತ್ತಿ ಹೋದರೆ, ಹಳೆಯ ಚೆಕೊಸ್ಲೊವಾಕಿಯಾದ ಒಂದು ಕಾರ್ಖಾನೆ, ಇಬ್ಬರು ಅಣ್ಣತಮ್ಮಂದಿರು ಮತ್ತು ಸರಕಾರ ಬಚ್ಚಿಟ್ಟ ಒಂದು ಪೇಟೆಂಟಿನ ಕತೆ ಎದುರಾಗುತ್ತದೆ.

ತೂಕ ಏಕೆ ಬೇಕು?

ಮೊದಲು ಸರಳ ಲೆಕ್ಕವೊಂದನ್ನು ನೋಡೋಣ. ಗುಂಡು ಮುಂದಕ್ಕೆ ಹಾರಿದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಇದು ಶಾಲೆಯಲ್ಲಿ ಓದಿದ ನ್ಯೂಟನ್‌ನ ಮೂರನೆಯ ನಿಯಮ. 8 ಗ್ರಾಂ ತೂಕದ 9 ಮಿ.ಮೀ. ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟಿತು ಎಂದಿಟ್ಟುಕೊಳ್ಳಿ. ಮದ್ದಿನ ಹೊಗೆಯ ಲೆಕ್ಕ ಬಿಟ್ಟರೆ, 700 ಗ್ರಾಂ ತೂಕದ ಪಿಸ್ತೂಲು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರಲೆತ್ನಿಸುತ್ತದೆ. 1,330 ಗ್ರಾಂ ತೂಕದ ಪಿಸ್ತೂಲಾದರೆ ಆ ವೇಗ ಎರಡು ಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೇ. ಅಂಗೈ ತಾಳಿಕೊಳ್ಳಬೇಕಾದ ಶಕ್ತಿಯೂ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಕೋವಿ ಹಗುರವಾದಷ್ಟೂ ಹೆಗಲಿಗೆ ಬೀಳುವ ಪೆಟ್ಟು ಜೋರು.

ಒಂದೇ ಗುಂಡು ಹೊಡೆದು ಮುಗಿಸುವುದಾದರೆ ಇದೇನೂ ದೊಡ್ಡ ವಿಷಯವಲ್ಲ. ಆದರೆ ಒಂದರ ಹಿಂದೆ ಒಂದರಂತೆ ಹೊಡೆಯಬೇಕಾದಾಗ, ಪ್ರತಿ ಒದೆತಕ್ಕೂ ನಳಿಗೆಯ ಮೂತಿ ಮೇಲಕ್ಕೆ ನೆಗೆಯುತ್ತದೆ. ಅದು ಮತ್ತೆ ಗುರಿಯ ಮೇಲೆ ಬಂದು ಕೂರುವವರೆಗೂ ಶೂಟರ್ ಕಾಯಬೇಕು. ಸೋಲು ಗೆಲುವು ತೀರ್ಮಾನವಾಗುವುದು ಈ ಕಾಯುವಿಕೆಯಲ್ಲೇ.

ಕಾಯುವಿಕೆಗೆ ಬೆಲೆ ಕಟ್ಟಿದ ಕ್ರೀಡೆಯೂ ಒಂದಿದೆ. 1976ರ ಮೇ ತಿಂಗಳಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಪಟ್ಟಣದಲ್ಲಿ ಹಲವು ದೇಶಗಳ ಶೂಟರ್‌ಗಳು ಸೇರಿ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟವನ್ನು ಕಟ್ಟಿದರು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ನಿಖರತೆ, ಶಕ್ತಿ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಅದರ ಧ್ಯೇಯವಾಕ್ಯ. ಇಲ್ಲಿ ಶೂಟರ್ ನಿಂತಲ್ಲೇ ನಿಲ್ಲುವುದಿಲ್ಲ. ಓಡುತ್ತಾನೆ, ಬಾಗುತ್ತಾನೆ, ತಡಿಕೆಯ ಮರೆಯಿಂದ ಇಣುಕಿ ಹೊಡೆಯುತ್ತಾನೆ. ಗಳಿಸಿದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ ಫಲಿತಾಂಶ ಹೇಳುತ್ತಾರೆ. ಹೀಗಾಗಿ ಗುರಿ ತಪ್ಪಿದರೂ ನಷ್ಟ, ತಡವಾದರೂ ನಷ್ಟ.

ಹಾಗಾದರೆ ತೀರಾ ದುರ್ಬಲ ತೋಟಾ ಹಾಕಿ ಒದೆತ ತಪ್ಪಿಸಿಕೊಳ್ಳಬಹುದಲ್ಲ ಎಂದು ಓದುಗರು ಕೇಳಬಹುದು. ಆ ದಾರಿಯನ್ನು ನಿಯಮವೇ ಮುಚ್ಚಿದೆ. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿಯೂ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದೂ ಅಳೆದು, ಅವೆರಡನ್ನು ಗುಣಿಸಿ ಸಾವಿರದಿಂದ ಭಾಗಿಸಿದಾಗ ಕನಿಷ್ಠ 125 ಬರಬೇಕು. 8 ಗ್ರಾಂ ಗುಂಡಿಗೆ ಇದು ಸೆಕೆಂಡಿಗೆ ಸುಮಾರು 310 ಮೀಟರ್ ವೇಗ. ಒದೆತವನ್ನು ಇದಕ್ಕಿಂತ ಕೆಳಗಿಳಿಸುವಂತಿಲ್ಲ. ತೋಟಾದಲ್ಲಿ ಉಳಿತಾಯ ಮಾಡಲಾಗದಿದ್ದಾಗ ಶೂಟರ್‌ಗೆ ಉಳಿಯುವುದು ಪಿಸ್ತೂಲಿನ ತೂಕ ಮತ್ತು ಅದರ ರಚನೆ.

ನಿವೃತ್ತನಿಗೆ ಸಿಕ್ಕ ಸ್ವಾತಂತ್ರ್ಯ

ಮೊರಾವಿಯಾದ ಉಹೆರ್ಸ್ಕಿ ಬ್ರೋದ್ ಪುಟ್ಟ ಊರು. 1936ರಲ್ಲಿ ಅಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಯೊಂದು ತಲೆಯೆತ್ತಿತು. ಹಿಟ್ಲರನ ಜರ್ಮನಿಯ ಗಡಿಗೆ ಸಮೀಪವಿದ್ದ ಕಾರ್ಖಾನೆಗಳ ಕೆಲಸವನ್ನು ದೂರಕ್ಕೆ ಸಾಗಿಸುವುದು ಅದರ ಉದ್ದೇಶ. ಮುಂದೆ 'ಚೆಸ್ಕಾ ಝ್ಬ್ರೊಯೊವ್ಕಾ', ಅಂದರೆ ಚೆಕ್ ಶಸ್ತ್ರಾಗಾರ ಎಂಬ ಹೆಸರಿನಲ್ಲಿ, ಸಂಕ್ಷೇಪವಾಗಿ ಸಿ.ಝಡ್. ಎಂದು ಇದು ಹೆಸರಾಯಿತು.

ಜೋಸೆಫ್ ಕೌಟ್ಸ್ಕಿ ಮತ್ತು ಫ್ರಾಂಟಿಶೆಕ್ ಕೌಟ್ಸ್ಕಿ ಆ ದೇಶದ ಹೆಸರಾಂತ ಬಂದೂಕು ವಿನ್ಯಾಸಕಾರರು, ಅಣ್ಣತಮ್ಮಂದಿರು. ಎರಡನೆಯ ಮಹಾಯುದ್ಧಕ್ಕೆ ಮುಂಚಿನಿಂದಲೂ ಇವರು ವಿನ್ಯಾಸಗೊಳಿಸಿದ ಬಂದೂಕುಗಳು ತಯಾರಾಗುತ್ತಿದ್ದವು. 1969ರಲ್ಲಿ ಫ್ರಾಂಟಿಶೆಕ್ ಆಗಷ್ಟೇ ನಿವೃತ್ತರಾಗಿದ್ದರು. ಅವರನ್ನು ಕಾರ್ಖಾನೆ ಮತ್ತೆ ಕರೆಯಿತು. ರಫ್ತಿಗಾಗಿ 9 ಮಿ.ಮೀ. ಪಿಸ್ತೂಲೊಂದು ಬೇಕಾಗಿತ್ತು. ಅಚ್ಚರಿಯೆಂದರೆ, ಎಲ್ಲವನ್ನೂ ಯೋಜನೆಯ ಪ್ರಕಾರ ನಡೆಸುತ್ತಿದ್ದ ಆ ವ್ಯವಸ್ಥೆಯಲ್ಲಿ ಅವರಿಗೆ ಮೊದಲಿನಿಂದ ಕೊನೆಯವರೆಗೆ ತಮಗೆ ತೋಚಿದಂತೆ ಮಾಡುವ ಸ್ವಾತಂತ್ರ್ಯ ಸಿಕ್ಕಿತು.

ಅವರು ಎಲ್ಲವನ್ನೂ ಹೊಸದಾಗಿ ಕಂಡುಹಿಡಿಯಲು ಹೋಗಲಿಲ್ಲ. ಒಳ್ಳೆಯದು ಎಲ್ಲಿದ್ದರೂ ಅದನ್ನು ಆಯ್ದುಕೊಂಡರು. 1935ರ ಬ್ರೌನಿಂಗ್ ಹೈಪವರ್ ಪಿಸ್ತೂಲಿನಲ್ಲಿ ಎರಡು ಸಾಲಾಗಿ ತೋಟಾ ತುಂಬುವ ಮ್ಯಾಗಜೀನ್ ಇತ್ತು. ಅದರಲ್ಲಿ 13 ತೋಟಾ ಹಿಡಿಯುತ್ತಿದ್ದರೆ ಕೌಟ್ಸ್ಕಿಯವರು 15ಕ್ಕೆ ಏರಿಸಿದರು. ಸ್ವಿಟ್ಜರ್ಲೆಂಡಿನ ಸೇನೆ 1949ರಲ್ಲಿ ಒಪ್ಪಿಕೊಂಡ ಸಿಗ್ ಪಿ 210 ಪಿಸ್ತೂಲು ತನ್ನ ನಿಖರತೆಗೆ ಮನೆಮಾತಾಗಿತ್ತು. ಅದರ ಒಂದು ವಿಶೇಷವನ್ನು ಇವರು ಹಿಡಿದುಕೊಂಡರು.

ಆ ವಿಶೇಷ ಇಷ್ಟು. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಉಕ್ಕಿನ ಭಾಗಕ್ಕೆ ಸ್ಲೈಡ್ ಎನ್ನುತ್ತಾರೆ. ಸಾಮಾನ್ಯವಾಗಿ ಡಬ್ಬಿಯ ಮೇಲೆ ಮುಚ್ಚಳ ಕೂರುವಂತೆ ಇದು ಚೌಕಟ್ಟನ್ನು ಹೊರಗಿನಿಂದ ತಬ್ಬಿಕೊಂಡಿರುತ್ತದೆ. ಇಲ್ಲಿ ಮೇಜಿನೊಳಗೆ ಖಾನೆ ಸರಿಯುವಂತೆ ಸ್ಲೈಡು ಚೌಕಟ್ಟಿನ ಒಳಗೇ ಓಡಾಡುತ್ತದೆ. ಇದರಿಂದ ಅಲುಗಾಟ ಕಡಿಮೆ. ನಳಿಗೆಯೂ ಕೈಗೆ ಹತ್ತಿರವಾಗಿ ತಗ್ಗಿನಲ್ಲಿ ಕೂರುವುದರಿಂದ ಮೂತಿ ನೆಗೆಯುವುದೂ ಕಡಿಮೆ. ಇದಕ್ಕೊಂದು ಅನನುಕೂಲವೂ ಉಂಟು. ಸ್ಲೈಡು ಒಳಗೆ ಹುದುಗಿರುವುದರಿಂದ ಅದನ್ನು ಹಿಡಿದು ಹಿಂದಕ್ಕೆಳೆಯಲು ಬೆರಳಿಗೆ ಸಿಗುವ ಜಾಗ ಕಿರಿದು.

1975ರಲ್ಲಿ ವಿನ್ಯಾಸ ಮುಗಿಯಿತು. ಪೂರ್ತಿ ಉಕ್ಕಿನ, ಸುಮಾರು ಒಂದು ಕಿಲೋ ತೂಕದ ಆ ಪಿಸ್ತೂಲಿಗೆ ಸಿ.ಝಡ್. 75 ಎಂದು ಹೆಸರಾಯಿತು.

ಯಾರಿಂದ ಬಚ್ಚಿಟ್ಟದ್ದು?

ಕತೆಯ ವಿಚಿತ್ರ ತಿರುವು ಇಲ್ಲಿದೆ. ಹೊಸ ವಿನ್ಯಾಸದ ಮುಖ್ಯ ಅಂಶಗಳಿಗೆ ಚೆಕೊಸ್ಲೊವಾಕಿಯಾ ಸರಕಾರ 'ಗುಪ್ತ ಪೇಟೆಂಟ್' ನೀಡಿತು. ಪೇಟೆಂಟ್ ಇದೆ, ಆದರೆ ಅದು ಯಾರ ಕಣ್ಣಿಗೂ ಬೀಳಬಾರದು. ದೇಶದ ಗುಟ್ಟು ಹೊರಗೆ ಹೋಗದಿರಲಿ ಎಂಬುದು ಅಧಿಕಾರಿಗಳ ಲೆಕ್ಕಾಚಾರ.

ಪೇಟೆಂಟ್ ಎಂಬುದರ ಅರ್ಥವೇ ಬಹಿರಂಗ ಮಾಡುವುದು. ನನ್ನ ಯುಕ್ತಿಯನ್ನು ಎಲ್ಲರಿಗೂ ತಿಳಿಸುತ್ತೇನೆ, ಬದಲಿಗೆ ಇಷ್ಟು ವರ್ಷ ಅದನ್ನು ಬೇರೆಯವರು ಬಳಸದಂತೆ ರಕ್ಷಣೆ ಕೊಡಿ ಎಂಬ ಒಪ್ಪಂದ ಅದು. ಗುಪ್ತವಾಗಿಟ್ಟ ಪೇಟೆಂಟನ್ನು ಬೇರೆ ದೇಶಗಳಲ್ಲಿ ನೋಂದಾಯಿಸುವಂತಿಲ್ಲ. ನೋಂದಾಯಿಸದಿದ್ದರೆ ಅಲ್ಲಿ ರಕ್ಷಣೆಯೂ ಇಲ್ಲ. ಇತ್ತ ಪಿಸ್ತೂಲು ಮಾತ್ರ ರಫ್ತಿನ ಸರಕು. ಅಂಗಡಿಯಲ್ಲಿ ಒಂದನ್ನು ಕೊಂಡು, ಬಿಚ್ಚಿ, ಅಳತೆ ತೆಗೆದರೆ ಗುಟ್ಟು ರಟ್ಟು. ತಿಜೋರಿಗೆ ಬೀಗ ಹಾಕಿ ಒಡವೆಯನ್ನು ಜಗಲಿಯ ಮೇಲಿಟ್ಟ ಹಾಗಾಯಿತು.

ಆದದ್ದೂ ಹಾಗೆಯೇ. ಇಟಲಿಯ ಗಾರ್ಡೋನೆ ವಾಲ್ ಟ್ರೊಂಪಿಯಾದ ಟಾನ್‌ಫೋಲ್ಯೊ ಸಂಸ್ಥೆ ಇದೇ ವಿನ್ಯಾಸದ ಪಿಸ್ತೂಲು ತಯಾರಿಸತೊಡಗಿತು. ಸ್ವಿಟ್ಜರ್ಲೆಂಡ್, ಟರ್ಕಿ, ಚೀನಾಗಳಲ್ಲೂ ನಕಲುಗಳು ಹುಟ್ಟಿದವು. ಇಸ್ರೇಲಿನ ಜೆರಿಕೊ ಪಿಸ್ತೂಲು ಹುಟ್ಟಿದ್ದು ಇಟಲಿಯ ನಕಲಿನಿಂದ. ಅಮೆರಿಕದಲ್ಲಿ ಜೆಫ್ ಕೂಪರ್ ಅವರೇ ಮೆಚ್ಚಿ, ಅದರ ಆಧಾರದ ಮೇಲೆ ಬ್ರೆನ್ ಟೆನ್ ಎಂಬ 10 ಮಿ.ಮೀ. ಪಿಸ್ತೂಲು ರೂಪಿಸಲು ನೆರವಾದರು. ಶೀತಲ ಸಮರದ ಕಾರಣ ಅಸಲಿ ಚೆಕ್ ಪಿಸ್ತೂಲು ಅಮೆರಿಕದಲ್ಲಿ ಸಿಗುವುದು ದುರ್ಲಭವಾಗಿತ್ತು. ಇಟಲಿಯ ನಕಲಿಗೆ ಆ ತೊಡಕಿರಲಿಲ್ಲ. ಕಂಡುಹಿಡಿದವರಿಗೆ ಮುಚ್ಚಿದ್ದ ಮಾರುಕಟ್ಟೆ ನಕಲು ಮಾಡಿದವರಿಗೆ ತೆರೆದಿತ್ತು.

ಸ್ವಂತ ದೇಶದಲ್ಲಾದರೂ ಮರ್ಯಾದೆ ಸಿಕ್ಕಿತೇ ಎಂದರೆ ಅದೂ ಇಲ್ಲ. ವಾರ್ಸಾ ಒಪ್ಪಂದದ ಸೇನೆಗಳು ಸೋವಿಯತ್ ಮಾದರಿಯ ತೋಟಾಗಳನ್ನು ಬಳಸುತ್ತಿದ್ದವು. 9 ಮಿ.ಮೀ. ಪ್ಯಾರಾಬೆಲ್ಲಂ ಎದುರು ಬಣದ ತೋಟಾ. ಹೀಗಾಗಿ ಚೆಕೊಸ್ಲೊವಾಕ್ ಸೇನೆಗೆ ಈ ಪಿಸ್ತೂಲು ಬೇಡವಾಯಿತು. ದೇಶದೊಳಗೆ ಮಾರಾಟ ಆರಂಭವಾದದ್ದು 1985ರಲ್ಲಿ. ಆಗ ಅದನ್ನು ಕೈಗೆತ್ತಿಕೊಂಡವರು ಗುರಿಕಾರರು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಉರುಳಿದ ನಂತರವಷ್ಟೇ ಅದು ಅಲ್ಲಿನ ಪೊಲೀಸರ ಸೊಂಟ ಸೇರಿತು.

ನಕಲಿನ ಊರಿನಲ್ಲೂ ಗೆಲುವುಗಳು ಸಾಕಷ್ಟು ಬಂದವು. ಫ್ರಾನ್ಸಿನ ಎರಿಕ್ ಗ್ರಾಫೆಲ್ ಟಾನ್‌ಫೋಲ್ಯೊ ಹಿಡಿದು ಹಲವು ಬಾರಿ ವಿಶ್ವ ಚಾಂಪಿಯನ್ ಆದರು. ಕೌಟ್ಸ್ಕಿ ಸೋದರರ ವಿನ್ಯಾಸ ಹೀಗೆ ಇನ್ನೊಬ್ಬರ ಹೆಸರಿನಲ್ಲಿ ವಿಜಯವೇದಿಕೆ ಹತ್ತಿತು.

ಮತ್ತೆ ಭಾರದ ಕಡೆಗೆ

ಕಾರ್ಖಾನೆ ಸುಮ್ಮನೆ ಕೂರಲಿಲ್ಲ. ಪೊಲೀಸರೂ ಸೈನಿಕರೂ ಹಗುರ ಪಿಸ್ತೂಲುಗಳತ್ತ ವಾಲಿದಾಗ, ಸಿ.ಝಡ್. ತನ್ನ ಉಕ್ಕಿನ ಪಿಸ್ತೂಲನ್ನು ಸ್ಪರ್ಧಿಗಳಿಗಾಗಿಯೇ ತಿದ್ದಿತು. ನಳಿಗೆಯ ಕೆಳಗಿನ ಚೌಕಟ್ಟನ್ನು ಮುಂದಕ್ಕೆ ಚಾಚಿ ದಪ್ಪ ಮಾಡಿತು. 'ಷ್ಯಾಡೋ' ಎಂಬ ಹೆಸರಿನ ಪಿಸ್ತೂಲುಗಳು ಬಂದವು. 2016ರಲ್ಲಿ ಬಂದ 'ಷ್ಯಾಡೋ 2' ತೂಗುವುದು 1,330 ಗ್ರಾಂ. ಮೂಲ ಪಿಸ್ತೂಲಿಗಿಂತ ಮುನ್ನೂರು ಗ್ರಾಂಗೂ ಹೆಚ್ಚು ಭಾರ.

ಈಗ ಆಯ್ಕೆಯ ಮಾತಿಗೆ ಬರೋಣ. ಭಾರ ಎಂದಾಕ್ಷಣ ಎಲ್ಲ ಭಾರವೂ ಒಂದೇ ಅಲ್ಲ. ಹಿಡಿಯಲ್ಲಿ ಸೇರಿಕೊಂಡ ತೂಕಕ್ಕಿಂತ ನಳಿಗೆಯ ಕೆಳಗೆ, ಮುಂಭಾಗದಲ್ಲಿರುವ ತೂಕ ಮೂತಿ ನೆಗೆಯದಂತೆ ಹೆಚ್ಚು ತಡೆಯುತ್ತದೆ. ಆದರೆ ಅದೇ ತೂಕ ಒಂದು ಗುರಿಯಿಂದ ಇನ್ನೊಂದಕ್ಕೆ ಪಿಸ್ತೂಲನ್ನು ತಿರುಗಿಸುವಾಗ ತಡ ಮಾಡುತ್ತದೆ. ಎತ್ತಿದ್ದು ನಿಲ್ಲಿಸಬೇಕಾದ ಕಡೆ ನಿಲ್ಲದೆ ಮುಂದೆ ಜಾರುವುದೂ ಉಂಟು. ಇಡೀ ದಿನದ ಸ್ಪರ್ಧೆಯಲ್ಲಿ ತೋಳು ಸೋತರೆ ಲಾಭವೆಲ್ಲ ನಷ್ಟದ ಬಾಬ್ತಿಗೆ ಹೋಗುತ್ತದೆ.

ಇನ್ನು ಟ್ರಿಗರ್. ಪ್ರೊಡಕ್ಷನ್ ವಿಭಾಗದಲ್ಲಿ ಇಂಥ ಪಿಸ್ತೂಲಿನ ಸುತ್ತಿಗೆಯನ್ನು ಇಳಿಸಿಟ್ಟೇ ಆರಂಭಿಸಬೇಕು. ಆದ್ದರಿಂದ ಮೊದಲ ಗುಂಡಿಗೆ ಎಳೆತ ಉದ್ದ ಮತ್ತು ಬಿಗಿ, ಎರಡನೆಯದರಿಂದ ಚಿಕ್ಕದು ಮತ್ತು ಹಗುರ. ಆ ಮೊದಲ ಎಳೆತಕ್ಕೆ ಬೆರಳು ಸಲೀಸಾಗಿ ಮುಟ್ಟುತ್ತದೆಯೇ ಎಂಬುದು ತೂಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಬೆರಳು ಗಿಡ್ಡವಿದ್ದವರಿಗೆ ಜಗತ್ತಿನ ಉಕ್ಕೆಲ್ಲ ಸೇರಿದರೂ ಗುರಿ ಕೂಡಿಬರುವುದಿಲ್ಲ. ಖಾಲಿ ಪಿಸ್ತೂಲನ್ನು ಚಾಚಿದ ಕೈಯಲ್ಲಿ ಒಂದು ನಿಮಿಷ ಹಿಡಿದು, ಮೂತಿಯ ಮೇಲಿನ ಗುರಿಮಣಿ ಎಷ್ಟು ನಡುಗುತ್ತದೆ ಎಂದು ನೋಡುವುದು ಯಾವ ಜಾಹೀರಾತಿಗಿಂತಲೂ ನಂಬಿಕೆಯ ಪರೀಕ್ಷೆ.

ಒಲಿಂಪಿಕ್ ಶೂಟಿಂಗಿನಲ್ಲಿಯೂ ತೂಕದ ಆಸೆ ಇದೆ. ಅಲ್ಲಿ ಒಂದೇ ಕೈಯಲ್ಲಿ ಹೊಡೆಯಬೇಕು. ಹಾಗಾಗಿ ಆಸೆಗೆ ಮಿತಿಯನ್ನೂ ಹಾಕಿದ್ದಾರೆ. 25 ಮೀಟರ್ ಸ್ಪರ್ಧೆಗಳ ಪಿಸ್ತೂಲು 1,400 ಗ್ರಾಂ ಮೀರುವಂತಿಲ್ಲ, 10 ಮೀಟರ್ ಏರ್ ಪಿಸ್ತೂಲು 1,500 ಗ್ರಾಂ ಮೀರುವಂತಿಲ್ಲ. 2012ರಲ್ಲಿ ಲಂಡನ್ನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು, 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಈ ಮಿತಿಗಳ ಒಳಗಿನ ಪಿಸ್ತೂಲುಗಳಲ್ಲಿ.

ನಮ್ಮ ದೇಶದಲ್ಲಿ 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್. ಅದು ಸೇನೆ, ಪೊಲೀಸರ ಪಾಲಿನದು. ಅವರಿಗಾಗಿ ಇಷಾಪುರದ ರೈಫಲ್ ಕಾರ್ಖಾನೆ ತಯಾರಿಸಿದ್ದು ಅದೇ ಬ್ರೌನಿಂಗ್ ಹೈಪವರ್ ಮಾದರಿಯ ಉಕ್ಕಿನ ಪಿಸ್ತೂಲನ್ನು. ಕೌಟ್ಸ್ಕಿಯವರು ಯಾವ ಮರದಿಂದ ಒಂದು ಕೊಂಬೆ ತಂದರೋ ಅದೇ ಮರದ ಇನ್ನೊಂದು ಕೊಂಬೆ ನಮ್ಮಲ್ಲೂ ಬೆಳೆದಿದೆ ಎನ್ನಬಹುದು.

2021ರಲ್ಲಿ ಸಿ.ಝಡ್. ಸಮೂಹ ಅಮೆರಿಕದ ಪ್ರಸಿದ್ಧ ಕೋಲ್ಟ್ ಕಂಪನಿಯನ್ನೇ ಕೊಂಡುಕೊಂಡಿತು. ಉಕ್ಕಿನ ಪಿಸ್ತೂಲುಗಳ ಹಿರಿಯಜ್ಜನಂತಿರುವ 1911ರ ಮಾದರಿಯನ್ನು ತಯಾರಿಸಿದ ಕಂಪನಿ ಅದು. ಒಂದು ಕಾಲಕ್ಕೆ ಅಮೆರಿಕದ ಅಂಗಡಿಗೆ ಕಾಲಿಡಲಾಗದಿದ್ದ ಕಾರ್ಖಾನೆ ಅಲ್ಲಿನ ಯಜಮಾನನಾಯಿತು. ಆದರೆ ನಡುವಿನ ವರ್ಷಗಳಲ್ಲಿ ಕೌಟ್ಸ್ಕಿ ಸೋದರರ ಕೆಲಸದ ಫಲ ಉಂಡವರು ಬೇರೆಯವರು. ಅವರ ಪಿಸ್ತೂಲು ಗುರಿ ತಪ್ಪಲಿಲ್ಲ. ಗುರಿ ತಪ್ಪಿದ್ದು ಅದನ್ನು ಬಚ್ಚಿಟ್ಟ ಸರಕಾರ.